ದ್ರಾಕ್ಷಿ ತೋಟದಲ್ಲಿ ಹಚ್ಚಿದ ಕುಂಕುಮ

ಕುಂಕುಮದ ಡಬ್ಬಿ ನನ್ನ ಮುಂದೆ ಬಂದು, ಹಾಗೆಯೇ ದಾಟಿ ಹೋಯಿತು.

ಪುಣೆಯ ಬಿಬವೇವಾಡಿಯಿಂದ ಫ್ರಾನ್ಸಿಗೆ ಚಾರಣಕ್ಕೆ ಹೋಗಿದ್ದ ನಾವು ಕೆಲವು ಹೆಂಗಸರು, ನದಿ ದಂಡೆಗುಂಟ ನಡೆದು ದ್ರಾಕ್ಷಿ ತೋಟದ ಮನೆಯೊಂದರಲ್ಲಿ ತಂಗಿದ್ದೆವು. ಅಂದು ಶ್ರಾವಣ ಶುಕ್ರವಾರ. ಮತ್ತೆ ನಡೆಯಲು ಹೊರಡುವ ಮುಂಚೆ ನಮ್ಮ ಪಕ್ಕದ ಮನೆಯ ಶಶಿಕಲಾ ಒಬ್ಬೊಬ್ಬರಿಗೇ ಕುಂಕುಮ ಹಚ್ಚುತ್ತ ಬಂದಳು. ನನ್ನೆದುರು ದನಿ ತಗ್ಗಿಸಿ, "ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ, ನಮ್ಮ ಪದ್ಧತಿ ಹಂಗ ಅದ" ಅಂದಳು. ನನ್ನವರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ನನ್ನ ಪಕ್ಕದಲ್ಲಿ ಮನೆಯೊಡತಿ ಫ್ರೆಂಚ್ ಅಜ್ಜಿ ನಿಂತಿದ್ದಳು. ಶಶಿಕಲಾ ಅವಳ ಹಣೆಗೆ ಕುಂಕುಮ ಹಚ್ಚಿ, ಬ್ಯಾಗಿನಿಂದ ಬ್ಲೌಸ್ ಪೀಸ್ ತೆಗೆದು ಉಡಿ ತುಂಬಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ತೆಗೆಯಲು ಮೊಬೈಲು ನನ್ನ ಕೈಗೆ ಬಂತು.

ಹಿಂದಿನ ಸಂಜೆ ಅದೇ ಅಜ್ಜಿ ಚರ್ಚಿನ ಕಡೆ ಕೈ ತೋರಿಸಿ, ತನ್ನ ಗಂಡನನ್ನು ಅಲ್ಲೇ ಮಣ್ಣು ಮಾಡಿದ್ದೆಂದು ಹರಕುಮುರಕು ಇಂಗ್ಲಿಷಿನಲ್ಲಿ ನನ್ನೊಬ್ಬಳಿಗೆ ಹೇಳಿದ್ದಳು.

ಆ ಫೋಟೋ ಈಗ ಶಶಿಕಲಾಳ ಮನೆಯ ಗೋಡೆಯ ಮೇಲಿದೆ. ನಾನಿನ್ನೂ ಬಾಯಿ ಬಿಟ್ಟಿಲ್ಲ. ಹೇಳಿದರೆ ಅದನ್ನು ಇಳಿಸಿಬಿಡುತ್ತಾಳೆ. ಆ ಅಜ್ಜಿ, ನಾನು, ನಮ್ಮಿಬ್ಬರಲ್ಲಿ ಒಬ್ಬಳ ಹಣೆಯ ಮೇಲಾದರೂ ಕುಂಕುಮ ಇರಲಿ.