ಸೊಂಟ ಒತ್ತಿದ ಕೈ

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಖಾಲಿ ಮನೆಯಲ್ಲಿ ಗೆಜ್ಜೆ ಸದ್ದು ಕೇಳಿಸಿತು ಎಂದು ಶುರು ಮಾಡಿದರೆ, ರಾತ್ರಿ ಊಟಕ್ಕೆ ಏನು ತಿಂದಿದ್ದಿರಿ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ನನ್ನ ಕಥೆ ಕೇಳಿ ನೀವೂ ಅದೇ ಪ್ರಶ್ನೆ ಕೇಳಿದರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ತಮ್ಮ ತಿ. ನರಸೀಪುರದಲ್ಲಿದ್ದಾನೆ. ಅವನ ಹೆಂಡತಿ ಪವಿತ್ರ ಆಗ ಚೊಚ್ಚಲ ಬಸುರಿ. ಹೆರಿಗೆಗೆ ದೇವನೂರಿನ ತವರಿಗೆ ಹೋಗಬೇಕಾದವಳು, ಅವಳ ಅಮ್ಮ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರಿಂದ ಗಂಡನ ಮನೆಯಲ್ಲೇ ಉಳಿದಿದ್ದಳು. ನೋಡಿಕೊಳ್ಳಲು ನಾನು ರಜೆ ಹಾಕಿ ಹೋದೆ. ಎರಡು ಹೆತ್ತವಳು, ಮೇಲಾಗಿ ವಿಜ್ಞಾನದ ಮೇಡಂ, ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಜಂಭವೂ ಜೊತೆಗೇ ಬಂದಿತ್ತು.

ಒಂದು ಬೆಳಿಗ್ಗೆ ಅವಳಿಗೆ ನೋವು ಶುರುವಾಯಿತು. ಹೊಟ್ಟೆಯಲ್ಲಲ್ಲ, ಸೊಂಟದಲ್ಲಿ. ನನ್ನ ಎರಡೂ ಹೆರಿಗೆಗಳಲ್ಲಿ ನೋವು ಹೊಟ್ಟೆಯಿಂದ ಬಂದಿದ್ದರಿಂದ, ಎಲ್ಲರಿಗೂ ಹಾಗೇ ಬರಬೇಕು ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ನಮ್ಮ ಕಡೆ ಇದಕ್ಕೆ ಜೀರಿಗೆ ಕಷಾಯ ಕೊಟ್ಟು ನೋಡುವ ರೂಢಿಯಿದೆ. ಸುಳ್ಳು ನೋವಾದರೆ ಇಳಿಯುತ್ತದೆ, ನಿಜವಾದ ನೋವಾದರೆ ಏರುತ್ತದೆ. ಕಷಾಯ ಬಗ್ಗಿಸುವಾಗ ಬಲ ಅಂಗೈ ಸುಟ್ಟುಕೊಂಡೆ. ಹಳೇ ಸೀರೆಯ ಚೂರೊಂದನ್ನು ಹರಿದು ಎಡಗೈಯಲ್ಲೇ ಹೇಗೋ ಕಟ್ಟಿಕೊಂಡೆ, ಗಂಟು ಅಂಗೈಯ ಬುಡಕ್ಕೇ ಬಂತು. ಕುಡಿದ ಮೇಲೆ ಪವಿತ್ರಳ ನೋವು ತುಸು ತಗ್ಗಿತು. ಸುಳ್ಳು ನೋವು ಎಂದು ನಾನು ತೀರ್ಪು ಕೊಟ್ಟೆ. ತಮ್ಮ ಮಾತ್ರ ಹೆದರಿ ಅವಳನ್ನು ಆಸ್ಪತ್ರೆಗೆ ಸೇರಿಸಿ, ನನ್ನನ್ನು ಜೊತೆಗೆ ಬಿಟ್ಟು ಕೆಲಸಕ್ಕೆ ಹೋದ.

ವಾರ್ಡಿನಲ್ಲಿ ಅವಳದು ಒಂದೇ ಮಾತು, ಅಕ್ಕ ಸೊಂಟ ಒತ್ತಿ, ಅಕ್ಕ ಸೊಂಟ ಒತ್ತಿ. ಸ್ವಲ್ಪ ಹೊತ್ತು ಒತ್ತಿದೆ. ಸುಟ್ಟ ಕೈ ಉರಿಯಿತು, ತಾಳ್ಮೆಯೂ ಕೆಟ್ಟಿತು. ಇವಳು ಬಹಳ ನಾಜೂಕಿನವಳು ಎಂದು ಮದುವೆಯಾದಾಗಿನಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ, ಅವತ್ತು ಅದನ್ನು ಅವಳ ಮುಖಕ್ಕೇ ಹೇಳಿದೆ. ಇದು ಇನ್ನೂ ಎರಡು ದಿನ ಹೀಗೇ ಇರುತ್ತದೆ, ನಾನು ಊರಿಗೆ ಹೋಗಿ ಬರುತ್ತೇನೆ ಎಂದು ಎದ್ದೆ.

"ಓಗ್ಬೇಡಿ ಅಕ್ಕ," ಎಂದಳು. "ನೀವು ಒತ್ತಿದ್ರೆ ಒಸಿ ತಡ್ಕೋಬೋದು."

ಹಾಗೆನ್ನುತ್ತಾ ನನ್ನ ಸೆರಗು ಹಿಡಿದುಕೊಂಡಿದ್ದಳು. ನಾನು ಅದನ್ನು ಬಿಡಿಸಿಕೊಂಡೆ. ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ನಂಜನಗೂಡಿನ ಬಸ್ಸು ಹತ್ತಿದೆ. ಮನೆಯಲ್ಲಿ ಒಂದು ನಿದ್ದೆ ತೆಗೆದೆ. ಸ್ಕೂಲಿನಿಂದ ಬಂದ ಮಗನಿಗೆ ಉಪ್ಪಿಟ್ಟು ಮಾಡಿಕೊಟ್ಟೆ, ಉಪ್ಪು ಜಾಸ್ತಿ ಎಂದು ಅವನು ಗೊಣಗಿದ. ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಆ ಮಧ್ಯಾಹ್ನ ನಾನು ಎಲ್ಲಿದ್ದೆ ಎಂಬುದರಲ್ಲಿ ನನಗೆ ಕಿಂಚಿತ್ತೂ ಅನುಮಾನವಿಲ್ಲ.

ಸಂಜೆ ತಮ್ಮ ಫೋನ್ ಮಾಡಿ, ಹೆಣ್ಣು ಮಗು ಎಂದ. ಸಿಕ್ಕಿದ ಬಸ್ಸು ಹಿಡಿದು ಓಡಿದೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಮ್ಮನಿಗೆ ವಿವರಿಸುತ್ತಿದ್ದರು. ಮಗುವಿನ ತಲೆ ಕೆಳಗೇ ಇತ್ತು, ಆದರೆ ಮುಖ ತಾಯಿಯ ಹೊಟ್ಟೆಯ ಕಡೆಗಿತ್ತು, ತಲೆಯ ಹಿಂಭಾಗ ಅವಳ ಬೆನ್ನುಮೂಳೆಯನ್ನು ಒತ್ತುತ್ತಿತ್ತು. ನೋವೆಲ್ಲ ಸೊಂಟಕ್ಕೆ ಬಂದಿದ್ದು ಅದಕ್ಕೇ. ಹೆರಿಗೆ ಮುಂದುವರಿಯದೆ, ಮೈಸೂರಿಗೆ ಕಳಿಸಲು ಆಂಬುಲೆನ್ಸ್‌ಗೂ ಹೇಳಿದ್ದರಂತೆ. ಅಷ್ಟರಲ್ಲಿ ಮಗುವಿನ ತಲೆ ಸರಿಯಾದ ಕಡೆಗೆ ತಿರುಗಿತು, ಹೆರಿಗೆ ಸರಾಗವಾಗಿ ಆಯಿತು. ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಗರ್ಭದ ಚಿತ್ರ ಬರೆದಿದ್ದೇನೆ. ಮುಖ ಯಾವ ಕಡೆಗಿರಬೇಕು ಎಂದು ಒಮ್ಮೆಯೂ ಯೋಚಿಸಿದವಳಲ್ಲ.

ತಪ್ಪಾಯಿತು ಎಂದು ಹೇಳಬೇಕೆಂದೇ ಪವಿತ್ರಳ ಹತ್ತಿರ ಹೋದೆ. ಅವಳು ನನ್ನ ಬಟ್ಟೆ ಕಟ್ಟಿದ ಕೈಯನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

"ನೀವು ವಾಪಸ್ ಬರ್ದೇ ಓಗಿದ್ರೆ ನಾನು ಉಳೀತಿರ್ಲಿಲ್ಲ ಅಕ್ಕ. ನನ್ನ ಮಂಡಿ ಊರ್ಸಿ, ಬಗ್ಗಿಸ್ಕೊಂಡು ಒಂದೇ ಸಮ ಒತ್ತಿದ್ರಲ್ಲ. ಈ ಗಂಟು ಚುಚ್ತಿತ್ತು, ಆದ್ರೂ ಇತವಾಗಿತ್ತು."

ನೋವಿನ ಭರದಲ್ಲಿ ಏನೋ ಭ್ರಮೆಯಾಗಿರಬೇಕು ಎಂದುಕೊಂಡೆ. ಆದರೆ ಪಕ್ಕದ ಮಂಚದಲ್ಲಿ, ಮಗಳ ಹೆರಿಗೆಗೆ ಸುತ್ತೂರಿನಿಂದ ಬಂದಿದ್ದ ಹೆಂಗಸೊಬ್ಬರು ಕೂತಿದ್ದರು. ಅವರಿಗೆ ಯಾವ ನೋವೂ ಇರಲಿಲ್ಲ, ಭ್ರಮೆಯೂ ಇರಲಿಲ್ಲ.

"ನಿನ್ನಂಥೋರು ಸಿಗಾಕಿಲ್ಲ ಕಣವ್ವ," ಎಂದರು. "ನೀರ್ ಕುಡಿಯಕ್ಕೂ ಏಳ್ನಿಲ್ವಲ್ಲ ನೀನು."

ಆಗಲೇ ಬಾಯಿಬಿಡಬೇಕಿತ್ತು. ಅಷ್ಟರಲ್ಲಿ ತಮ್ಮ ನನ್ನ ಕಾಲಿಗೆ ಬಗ್ಗಿದ, ಆಮೇಲೆ ದೇವನೂರಿನಿಂದ ಅವಳ ಅಮ್ಮ ಫೋನಿನಲ್ಲಿ ಅತ್ತರು. ನಾನಲ್ಲ ಎಂದು ಹೇಳುವ ಸಮಯ ದಾಟಿಹೋಯಿತು. ನರ್ಸ್ ಯಾರಾದರೂ ಒತ್ತಿರಬಹುದು ಎಂದು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಆದರೆ ಆ ಗಂಟು ನನ್ನ ಅಂಗೈಯಲ್ಲಿತ್ತು, ನಾನು ನಂಜನಗೂಡಿನಲ್ಲಿದ್ದೆ. ಇಲ್ಲಿಗೆ ಬಂದು ನನ್ನ ಬುದ್ಧಿ ನಿಂತುಬಿಡುತ್ತದೆ.

ಆ ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ. ಬಂದವರಿಗೆಲ್ಲ, ಹುಟ್ಟುವಾಗ ನನ್ನ ತಲೆ ತಿರುಗಿಸಿದ್ದು ಅತ್ತೆ ಎಂದು ಹೇಳುತ್ತಾಳೆ. ಅವಳು ಹಾಗೆಂದಾಗಲೆಲ್ಲ ನಾನು ಏನಾದರೂ ನೆಪ ಮಾಡಿಕೊಂಡು ಅಡುಗೆಮನೆಗೆ ಹೋಗುತ್ತೇನೆ.

ಹೋದ ತಿಂಗಳು ಪವಿತ್ರಳಿಗೆ ಎರಡನೇ ಹೆರಿಗೆ, ಈ ಸಲ ನಂಜನಗೂಡಿನಲ್ಲೇ. ಅವಳ ಅಮ್ಮ ಓಡಾಡುವಂತಾಗಿದ್ದರೂ, ಅಕ್ಕನೇ ಇರಲಿ ಎಂದು ಅವಳು ಹಟ ಹಿಡಿದಳು. ಈ ಸಲವೂ ನೋವು ಸೊಂಟದಲ್ಲೇ. ನಾನು ಒಂದು ಗಳಿಗೆಯೂ ಕದಲಲಿಲ್ಲ. ಅವಳನ್ನು ಮಂಡಿ ಊರಿಸಿ, ಬಗ್ಗಿಸಿ, ನನ್ನ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಅಂಗೈಗೆ ತಂದು ಒತ್ತಿದೆ. ಹಳೇ ಸಾಲ ತೀರಿಸುವವಳಂತೆ ಒತ್ತಿದೆ.

ಅವಳು ಹಲ್ಲು ಕಚ್ಚಿಕೊಂಡು ಹಿಂದೆ ತಿರುಗಿ ನೋಡಿದಳು.

"ಇಂಗಲ್ಲ ಅಕ್ಕ," ಎಂದಳು. "ಅವತ್ತು ಒತ್ತಿದ್ರಲ್ಲ, ಅಂಗೆ ಒತ್ತಿ."

ಸ್ವಲ್ಪ ಮೇಲೆ ಒತ್ತಿದೆ, ಕೆಳಗೆ ಒತ್ತಿದೆ, ಮುಷ್ಟಿ ಕಟ್ಟಿ ಒತ್ತಿದೆ. ಅವಳು ತಲೆ ಆಡಿಸುತ್ತಲೇ ಇದ್ದಳು. ಹೇಗೆ ಒತ್ತಿದ್ದೆ ಹೇಳು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.