ಆಷಾಢಕ್ಕೆ ಮುಂಚೆ ಉಕ್ಕಿಸಿದ ಹಾಲು

ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಿಟಕಿ ತೆಗೆದರೆ ಫ್ರೀವೇ ಸದ್ದು, ಮುಚ್ಚಿದರೆ ಒಗ್ಗರಣೆ ಘಾಟು. ಮುಚ್ಚಿಕೊಂಡೇ ವರ್ಷಗಳು ಕಳೆದವು. ದೇವರು ಕೂತಿರುವುದು ಕೋಟು ನೇತುಹಾಕುವ ಕಪಾಟಿನಲ್ಲಿ. ಊದುಬತ್ತಿ ಹಚ್ಚಿದರೆ ಹೊಗೆಯ ಅಲಾರಂ ಕೂಗಿಕೊಳ್ಳುತ್ತದೆ, ಹಾಗಾಗಿ ಒಂದು ಕೈಯಲ್ಲಿ ಟವೆಲ್ ಬೀಸುತ್ತಾ ಇನ್ನೊಂದು ಕೈಯಲ್ಲಿ ಮಂಗಳಾರತಿ ಎತ್ತುವುದು ನನಗೆ ರೂಢಿಯಾಗಿದೆ. ದೇವರು ಇದುವರೆಗೆ ಬೇಜಾರು ಮಾಡಿಕೊಂಡಿಲ್ಲ. ಅದೊಂದು ಪುಣ್ಯ.

ಬೆಲೆಗೆ ಹೆದರಿ ಡಲ್ಲಾಸ್ ಸುತ್ತಮುತ್ತ ಮನೆ ನೋಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಹತ್ತಿರದ ಮರ್ಫಿ ಊರಿನ ಒಂದು ಮನೆಗೆ ಭಜನೆಗೆ ಹೋದಾಗ ಆ ಮನೆಯವರ ಹಿತ್ತಲಲ್ಲಿ ಸ್ವಲ್ಪ ಹೊತ್ತು ಬರಿಗಾಲಲ್ಲಿ ನಿಂತು ಬರುತ್ತಿದ್ದೆ, ಅಷ್ಟೆ. ಹೀಗಿರುವಾಗ ನಮ್ಮವರ ಕಂಪನಿಯವರು, ಇಂಡಿಯಾನಾದ ಒಂದು ಸಣ್ಣ ಊರಿನ ಆಫೀಸಿಗೆ ಯಾರಾದರೂ ಹೋಗುತ್ತೀರಾ ಎಂದು ಕೇಳಿದರು. ಅಲ್ಲಿ ಮನೆಗಳು ಅಗ್ಗ. ಹಿತ್ತಲು, ನೆಲಮಾಳಿಗೆ ಎಲ್ಲ ಸೇರಿ ಇಲ್ಲಿನ ಅರ್ಧಕ್ಕೂ ಕಡಿಮೆ.

"ಮನೆ ಸಿಕ್ಕಿದರೆ ಹೋಗೋಣ. ಬಾಡಿಗೆ ಬಿಟ್ಟು ಇನ್ನೊಂದು ಬಾಡಿಗೆಗೆ ಹೋಗೋದಾದರೆ ಇಲ್ಲೇ ಬಿದ್ದಿರೋಣ," ಅಂದರು ನಮ್ಮವರು.

ಅದೇ ಸಮಯಕ್ಕೆ ಅಪಾರ್ಟ್‌ಮೆಂಟ್ ಆಫೀಸಿನಿಂದಲೂ ಮಾತು ಬಂತು. ಖಾಲಿ ಮಾಡುತ್ತೀರೋ, ಇನ್ನೊಂದು ವರ್ಷ ಇರುತ್ತೀರೋ, ಜುಲೈ ಮಧ್ಯದೊಳಗೆ ಹೇಳಿ ಎಂದು. ಜುಲೈ ಬಂದರೆ ಆಷಾಢ. ಆಷಾಢದಲ್ಲಿ ಹೊಸ ಮನೆಯ ಮಾತೇ ಎತ್ತುವುದಿಲ್ಲ ನಮ್ಮಲ್ಲಿ. ಆಗಬೇಕಾದದ್ದು ಏನಿದ್ದರೂ ಜೂನ್‌ನಲ್ಲೇ ಆಗಬೇಕಿತ್ತು.

ಅಗ್ಗ ಅಂದರೆ ನಮಗೊಬ್ಬರಿಗೇ ಅಗ್ಗವೇ? ಬೆಳಿಗ್ಗೆ ಫೋನಿನಲ್ಲಿ ನೋಡಿದ ಮನೆ ಮಧ್ಯಾಹ್ನಕ್ಕೆ ಮಾರಿಹೋಗಿರುತ್ತಿತ್ತು. ಉಳಿದ ಒಂದಕ್ಕೆ ದಕ್ಷಿಣದ ಬಾಗಿಲು, ನಾನೇ ಬೇಡ ಅಂದೆ. ಕೊನೆಗೆ ಒಂದು ಹಳದಿ ಮನೆ ಬಂತು. ಪೂರ್ವದ ಬಾಗಿಲು, ಅಡುಗೆಮನೆ ಸರಿಯಾಗಿ ಅಗ್ನಿಮೂಲೆಯಲ್ಲಿ. ಒಡತಿ ವಯಸ್ಸಾದವರು, ಆಗಲೇ ಸಾಮಾನು ಕಟ್ಟಿಕೊಂಡು ಮಗಳ ಮನೆ ಸೇರಿದ್ದರು. ಅಲ್ಲಿನ ಏಜೆಂಟ್ ಹೆಂಗಸು, "ಅವರಿಗೆ ನೀವೇ ಇಷ್ಟವಂತೆ. ಸೋಮವಾರ ಸಹಿ. ನಿಮ್ಮದೇ ಅಂದುಕೊಳ್ಳಿ, ಹನಿ," ಅಂದರು. ಅವರಿಗೆ ಎಲ್ಲರೂ ಹನಿಯೇ, ಅಂದರೆ ಜೇನು.

ಸೋಮವಾರದ ಹೊತ್ತಿಗೆ ಆಷಾಢ ಕಾಲಿಟ್ಟಿರುತ್ತದೆ. ಒಳ್ಳೆಯ ದಿನ ಅಂತ ಇದ್ದದ್ದು ಶುಕ್ರವಾರ ಒಂದೇ. ಅಷ್ಟರೊಳಗೆ ನಾವು ಇಂಡಿಯಾನಾ ಮುಟ್ಟುವಂತಿರಲಿಲ್ಲ.

"ರೀ, ಅವರ ಹತ್ತಿರ ಬೀಗದ ಕೈ ಇದೆಯಲ್ಲ, ಶುಕ್ರವಾರ ಒಂದು ಪಾತ್ರೆ ಹಾಲು ಉಕ್ಕಿಸಿಬಿಡಲಿ."

"ಯಾರು? ಆ ಏಜೆಂಟಾ? ಗೃಹಪ್ರವೇಶಾನೂ ಔಟ್‌ಸೋರ್ಸ್ ಮಾಡ್ತೀಯಾ?"

"ಹಾಲು ಉಕ್ಕಬೇಕು. ಯಾರು ಒಲೆ ಹಚ್ಚಿದರೇನಂತೆ?"

ಮಗಳು, "ಅಮ್ಮಾ, ದಿಸ್ ಈಸ್ ಸೋ ಎಂಬರಾಸಿಂಗ್," ಅಂತ ಮುಖ ಮುಚ್ಚಿಕೊಂಡಳು. ಆದರೂ ತನ್ನ ಇಂಗ್ಲಿಷಿನಲ್ಲಿ ಅವರಿಗೆ ಎಲ್ಲ ಬಿಡಿಸಿ ಹೇಳಿದವಳು ಅವಳೇ. ಒಡತಿಯೂ ಒಪ್ಪಿದರಂತೆ.

ಶುಕ್ರವಾರ ಬೆಳಿಗ್ಗೆ ನಾನು ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ವಿಡಿಯೋ ಕಾಲ್ ಹಚ್ಚಿದ ಫೋನನ್ನು ದೇವರ ಕಪಾಟಿಗೆ ಒರಗಿಸಿ ಕೂತೆ. ಆ ಕಡೆ ಖಾಲಿ ಅಡುಗೆಮನೆ, ಬಿಸಿಲು, ಕರೆಂಟ್ ಒಲೆಯ ಮೇಲೆ ಸಣ್ಣ ಪಾತ್ರೆ. ಹಾಲು ಮೇಲೆದ್ದಿತು. ಏಜೆಂಟ್ ಗಾಬರಿಯಿಂದ ಪಾತ್ರೆಗೆ ಕೈಹಾಕಿದರು.

"ಬೇಡ, ಬೇಡ, ಬಿಡೀ!" ನಾನು ಕನ್ನಡದಲ್ಲೇ ಕಿರುಚಿದೆ.

ಹೇಗೋ ಅರ್ಥವಾಯಿತು. ಕೈ ತೆಗೆದು, ಕಣ್ಣು ಮುಚ್ಚಿಕೊಂಡು ನಿಂತರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. "ನಮ್ಮಮ್ಮ ನೋಡಿದ್ದರೆ ನನ್ನನ್ನ ಉಳಿಸ್ತಿರಲಿಲ್ಲ," ಅಂತ ನಕ್ಕು ಬಟ್ಟೆ ಹುಡುಕತೊಡಗಿದರು. ನಾನು ಫೋನಿನ ಮೇಲೆ ಅಕ್ಷತೆ ಹಾಕಿದೆ.

ಸೋಮವಾರ ಅವರದೇ ಫೋನು. ದನಿ ಇಳಿದಿತ್ತು. ಭಾನುವಾರ ಷಿಕಾಗೋ ಕಡೆಯವರು ಯಾರೋ ಬಂದು, ನಮಗಿಂತ ಹೆಚ್ಚು ಹೇಳಿ, ಪೂರ್ತಿ ನಗದು ಕೊಡುತ್ತೇವೆ ಅಂದರಂತೆ. ಒಡತಿಯ ಮಗಳು ಅವರಿಗೇ ಒಪ್ಪಿಸಿಬಿಟ್ಟಳಂತೆ. "ಸಾರಿ, ಹನಿ. ಸಹಿ ಆಗಿರಲಿಲ್ಲವಲ್ಲ."

ಆಮೇಲೆ ನಮ್ಮವರು, "ಆಷಾಢ ಗೀಷಾಢ ಅನ್ನದೆ ಇನ್ನೊಂದು ನೋಡೋಣವೇನೇ?" ಅಂದರು. ನೋಡಿ ಅನ್ನಲು ನನಗೆ ನಾಲಿಗೆ ಏಳಲಿಲ್ಲ, ಬೇಡ ಅನ್ನಲೂ ಏಳಲಿಲ್ಲ. ಅವರೇ ನೋಡಿದರು, ನಾನು ಹಿಂದೆ ನಿಂತುಕೊಂಡೆ. ಒಂದರ ಸೂರು ಕುಸಿದಿತ್ತು. ಇನ್ನೊಂದನ್ನು ನೋಡುತ್ತಿದ್ದ ಹಾಗೇ ಮಾರಾಟವಾಯಿತು ಅಂತ ಬಂತು. ಲ್ಯಾಪ್‌ಟಾಪ್ ಮುಚ್ಚಿದರು.

ಜುಲೈಯಲ್ಲಿ ಅಪಾರ್ಟ್‌ಮೆಂಟ್ ಆಫೀಸಿಗೆ ಹೋಗಿ ಇನ್ನೊಂದು ವರ್ಷಕ್ಕೆ ಸಹಿ ಹಾಕಿದೆವು. ಇದ್ದ ಮನೆಯಲ್ಲೇ ಇರುವುದಕ್ಕೆ ಆಷಾಢ ಅಡ್ಡ ಬರುವುದಿಲ್ಲ. "ನಿಮಗೆ ಏನೂ ಬದಲಾಗಲ್ಲ, ಎಲ್ಲ ಹಾಗೇ ಇರುತ್ತೆ," ಅಂತ ಅಲ್ಲಿನ ಹುಡುಗಿ ನಗುನಗುತ್ತಾ ಹೇಳಿದಳು. ನಮ್ಮವರು ಥ್ಯಾಂಕ್ಸ್ ಅಂದರು.

ನನ್ನ ಕೈಯಾರೆ ಅಲ್ಲದಿದ್ದರೂ ನನ್ನ ದೇವರ ಹೆಸರಲ್ಲಿ ಹಾಲು ಉಕ್ಕಿದ್ದು ಆ ಹಳದಿ ಮನೆಯಲ್ಲಿ. ಈಗ ಅಲ್ಲಿರುವವರು ಯಾರೋ, ಅವರು ಚೆನ್ನಾಗಿರಲಿ ಎಂದು ಕೇಳಿಕೊಳ್ಳಬೇಕಾದದ್ದು ನ್ಯಾಯ. ಮೊದಮೊದಲು ಬಾಯೇ ಬರುತ್ತಿರಲಿಲ್ಲ. ಈಗ ದಿನಾ ಕೇಳಿಕೊಳ್ಳುತ್ತೇನೆ. ಪೂರ್ತಿ ಮನಸ್ಸಿನಿಂದ ಎಂದು ಮಾತ್ರ ಇನ್ನೂ ಹೇಳಲಾರೆ.