ಮೆಣಸಿನಕಾಯಿ ತೂಗುವ ಕೋಲು

ಬುಕ್ಕಸಾಗರದ ಕಾಲುವೆ ದಂಡೆಯಲ್ಲಿ ಬೈಕ್ ನಿಲ್ಲಿಸಿದ್ದೇನೆ. ಹಿಮಾಚಲದ ಸಣ್ಣ ತೊರೆಗಳಲ್ಲಿ ಟ್ರೌಟ್ ಮೀನು ಹಿಡಿಯಲು ಎಷ್ಟು ತೂಕದ ಗಾಳದ ಕೋಲು ಕೊಳ್ಳಬೇಕೆಂದು ತಿಂಗಳಿಂದ ತಲೆ ಕೆಡಿಸಿಕೊಂಡಿರುವ ನನಗೆ, ಇಲ್ಲಿ ಗಂಡ ಹೆಂಡತಿ ಕೋಲಿನ ತೂಕಕ್ಕೇ ಜಗಳವಾಡುವುದು ಕಂಡು ಖುಷಿಯಾಯಿತು. ಮಧ್ಯಾಹ್ನ ಊಟಕ್ಕೆ ಅವರ ಮನೆಗೆ ಬೀಗರು ಬರುತ್ತಾರಂತೆ. ಮೀನು ಇನ್ನೂ ನೀರಿನಲ್ಲೇ ಇದೆ.

ಗಂಡ ದಪ್ಪ ಬಿದಿರು ಹಿಡಿದಿದ್ದ. ಹೆಂಡತಿ ಹುಲಿಗೆಮ್ಮ ಬುತ್ತಿಯಿಂದ ಒಂದು ಹಸಿಮೆಣಸಿನಕಾಯಿ ತೆಗೆದು ಆ ಬಿದಿರಿನ ತುದಿಗೆ ಕಟ್ಟಿದಳು. ಕೋಲು ಮಿಸುಕಲಿಲ್ಲ.

"ಇದು ಹೊಳ್ಯಾಗಿನ ದೊಡ್ಡ ಮೀನಿಗೆ ಸರಿ. ಇಲ್ಲಿ ಸಣ್ಣ ಮೀನು ಜಗ್ಗಿದ್ದು ಕೈಗೆ ಗೊತ್ತಾಗಂಗಿಲ್ಲ. ಬ್ಯಾಡ."

ಅದೇ ಕಾಯನ್ನು ತಾನು ತಂದಿದ್ದ ತೆಳ್ಳನೆಯ ಬಿದಿರಿಗೆ ಕಟ್ಟಿದಳು. ತುದಿ ನಯವಾಗಿ ಬಾಗಿತು. ಆ ಕೋಲಿನಲ್ಲಿ ಗಾಳ ಹಾಕಿದ ಸ್ವಲ್ಪ ಹೊತ್ತಿಗೇ ಬೆರಳುದ್ದದ ಮೀನೊಂದು ಮಿಂಚುತ್ತಾ ಮೇಲೆ ಬಂತು.

"ಮಸ್ತ್ ಲೇ!" ಎಂದ ಗಂಡ, ಜಗಳ ಮರೆತು.

ನಾನೂ ನನ್ನ ಚಿಂತೆ ಹೇಳಿಕೊಂಡೆ. ಹುಲಿಗೆಮ್ಮ ತಟ್ಟನೆ ಕೇಳಿದಳು: "ಆ ಟ್ರೌಟು ಎಷ್ಟು ಮೆಣಸಿನಕಾಯಿ ತೂಗ್ತೈತ್ರಿ?"

ಇನ್ನೂ ಕಣ್ಣಿಂದ ಕಾಣದ ಮೀನಿಗೆ ನಾನು ಮೊಣಕೈವರೆಗೆ ಅಳತೆ ತೋರಿಸಿದೆ. ಅವಳು ಗಂಡನ ದಪ್ಪ ಬಿದಿರನ್ನೆತ್ತಿ, ಅದರ ತುದಿಗೆ ಇಡೀ ಬುತ್ತಿಯನ್ನೇ ನೇತುಹಾಕಿದಳು.